ಗಿರಣಿ ಮುಂದಿನ ಸ್ಟೂಲು

ನಮ್ಮ ಓಣಿಯಲ್ಲಿ ನನಗೊಂದು ಹೆಸರಿತ್ತು: ಎಲ್ಲರನ್ನೂ ನಿಂತು ಮಾತಾಡಿಸುವ ಅಕ್ಕೋರು. ಆಳಂದದ ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಸಣ್ಣ ಏರು. ಸಂಜೆ ಕಾಲೇಜು ಮುಗಿಸಿ ಬಸ್ಸಿಳಿದ ಮೇಲೆ ಮೊದಲು ಟೇಲರನ ಅಂಗಡಿ ಮುಂದೆ ನಿಂತು ಅವನ ಮಗಳ ಓದಿನ ಬಗ್ಗೆ ಕೇಳುತ್ತಿದ್ದೆ. ಆಮೇಲೆ ಬೇವಿನ ಮರದ ಕೆಳಗೆ ಪಲ್ಲೆ ಮಾರುವವಳ ಹತ್ತಿರ ಮೆಂತ್ಯದ ದರ ವಿಚಾರಿಸುತ್ತಿದ್ದೆ, ಕೊಳ್ಳುತ್ತಿದ್ದುದು ಅಪರೂಪ. ಕೊನೆಗೆ ಹಿಟ್ಟಿನ ಗಿರಣಿ. ಅದನ್ನು ನಡೆಸುವ ಮುದುಕಿಯನ್ನು ಓಣಿಯೆಲ್ಲ ಆಯಿ ಎನ್ನುತ್ತದೆ. ಗಿರಣಿಯ ಬಾಗಿಲಲ್ಲೊಂದು ಕಬ್ಬಿಣದ ಸ್ಟೂಲು. ಅದರ ಮೇಲೆ ಕೂತು, ಮಷೀನಿನ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡಿ, ಆಕೆ ಕೊಟ್ಟ ಶೇಂಗಾ ಹೋಳಿಗೆ ತಿಂದು ಮನೆ ಸೇರುವಷ್ಟರಲ್ಲಿ ಹತ್ತು ನಿಮಿಷದ ದಾರಿಗೆ ಮುಕ್ಕಾಲು ತಾಸು ಆಗಿರುತ್ತಿತ್ತು. ಇಲೆಕ್ಷನ್ನಿಗೆ ನಿಲ್ಲುವ ವಿಚಾರವಿದೆಯೇ ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಿದ್ದರು.

ಆ ಹೆಸರು ನನಗೆ ಇಷ್ಟವಾಗಿತ್ತು. ನಾನೂ ಅದನ್ನು ನಂಬಿದ್ದೆ.

ಹೋದ ವರ್ಷ ದೀಪಾವಳಿ ರಜೆಯಲ್ಲಿ ಇಬ್ಬರೂ ಗಾಣಗಾಪುರಕ್ಕೆ ಹೋದೆವು. ಸಂಗಮದಲ್ಲಿ ಕಾಲು ತೊಳೆದುಕೊಂಡು ಮೆಟ್ಟಿಲು ಹತ್ತಬೇಕಿತ್ತು. ಕೆಳಗೆ ಹೂ ಮಾರುವವಳೊಡನೆ ಮಾತಾಡಿದ್ದಾಯಿತು. ನಾಲ್ಕು ಮೆಟ್ಟಿಲು ಮೇಲೆ ಸೊಲ್ಲಾಪುರದಿಂದ ಬಂದಿದ್ದ ಯಾರೋ ಹೆಂಗಸಿನೊಡನೆ ನನ್ನ ಹರಕುಮುರುಕು ಮರಾಠಿಯಲ್ಲಿ ಮಾತಾಡಿದ್ದಾಯಿತು. ಅದರ ಮೇಲೆ ಯಾರೂ ಇರಲಿಲ್ಲ. ಒಂದು ಎಮ್ಮೆ ಸಿಕ್ಕಿದ್ದರೂ ಅದರ ಕ್ಷೇಮ ಕೇಳುತ್ತಿದ್ದೆ. ಎದೆಗೆ ಹಗ್ಗ ಬಿಗಿದಂತಾಗಿ ಅಲ್ಲೇ ಕೂತುಬಿಟ್ಟೆ. ಮನೆಯವರು ಮೇಲಿನಿಂದ ತಿರುಗಿ ನೋಡಿ, "ಯಾಕ, ಮಾತಾಡ್ಸಾಕ ಯಾರೂ ಸಿಗಲಿಲ್ಲೇನು?" ಎಂದರು. ನಗಲು ಹೋದೆ. ನಗುವಷ್ಟು ಉಸಿರಿರಲಿಲ್ಲ. ಅದನ್ನು ಕಂಡು ಅವರ ನಗುವೂ ನಿಂತಿತು.

ಕಲಬುರಗಿಯ ಹೃದಯದ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಎಕೋ, ರಕ್ತಪರೀಕ್ಷೆ ಎಲ್ಲ ನೋಡಿ, ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು ತೋರಿಸಿದರು, ಅದು ಬದನೆಕಾಯಿಯಂತಿತ್ತು. ಮೈತೂಕವೆಂದರೆ ಬರೀ ಹೊರೆ, ಚೀಲ ಹೊತ್ತವರಿಗೆ ದಣಿವಾದಂತೆ ಎಂದು ನಾನು ತಿಳಿದಿದ್ದೆ. ಅಷ್ಟೇ ಅಲ್ಲವಂತೆ. ಹೊಟ್ಟೆಯೊಳಗೆ ಮತ್ತು ಹೃದಯದ ಸುತ್ತ ಕೂತ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಸಣ್ಣಗೆ ಉರಿಯೂತ ಎಬ್ಬಿಸುವ ರಸಗಳನ್ನು ಬಿಡುತ್ತಲೇ ಇರುತ್ತದೆ. ಬಿಪಿ ಏರುತ್ತದೆ, ಮೈಯಲ್ಲಿ ಉಪ್ಪುನೀರು ನಿಲ್ಲುತ್ತದೆ, ವರ್ಷಗಟ್ಟಲೆ ಹೀಗೆ ನಡೆದು ಹೃದಯದ ಸ್ನಾಯು ಬಿರುಸಾಗುತ್ತದೆ. "ನಿಮ್ಮ ಹೃದಯ ರಕ್ತ ದೂಡೂದು ಛಲೋ ದೂಡ್ತದ ರಿ. ಸಡಿಲ ಆಗಿ ತುಂಬ್ಕೊಳ್ಳೂದ ಅದಕ್ಕ ಆಗವಲ್ದು," ಎಂದರು.

ಎಂದಿನಿಂದ ಹೀಗಾಗುತ್ತಿದೆ ಎಂದು ಕೇಳಿದರು. ಗಾಣಗಾಪುರದ ಮೆಟ್ಟಿಲಿನಿಂದ ಎಂದೆ. ಅದಕ್ಕೂ ಮೊದಲೇ ಶುರುವಾಗಿರಬೇಕು, ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದರು.

ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಮನೆಗೆ ಬಂದು ಹಿಂದಿನ ಮೂರು ವರ್ಷದ ನೋಟುಬುಕ್ಕುಗಳನ್ನು ತೆಗೆದೆ. ಏದುಸಿರಿನ ಮಾತು ಎಲ್ಲೂ ಇರಲಿಲ್ಲ. ಟೇಲರನ ಮಗಳಿಗೆ ಗಣಿತ ಕಷ್ಟವಂತೆ, ಮೆಂತ್ಯ ತುಟ್ಟಿಯಾಗಿದೆ, ಆಯಿಗೆ ಮೊಣಕಾಲು ನೋವು. ಇಂಥವೇ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ, ಆಕರ ಏನು ಹೇಳಿದೆ ಎನ್ನುವುದರ ಜೊತೆಗೆ ಏನು ಹೇಳಿಲ್ಲ ಎನ್ನುವುದನ್ನೂ ನೋಡಿ ಎಂದು ಹುಡುಗರಿಗೆ ಹೇಳುವವಳು ನಾನು. ನನ್ನದೇ ಬರಹದಲ್ಲಿ ಅದನ್ನು ಕಾಣಲು ಎರಡು ದಿನ ಬೇಕಾಯಿತು. ಆ ಮಾತುಕತೆಗಳೆಲ್ಲ ಸಂಜೆಯವು. ಬೆಳಿಗ್ಗೆ ಅದೇ ದಾರಿ ಇಳಿಯುತ್ತೇನೆ, ಅದೇ ಆಯಿ, ಅದೇ ಟೇಲರು ಇರುತ್ತಾರೆ. ಮೂರು ವರ್ಷದಲ್ಲಿ ಒಂದು ಬೆಳಿಗ್ಗೆಯೂ ನಾನು ಯಾರನ್ನೂ ನಿಂತು ಮಾತಾಡಿಸಿರಲಿಲ್ಲ. ಇನ್ನೂ ಒಂದಿತ್ತು. ಮೊದಲ ವರ್ಷ ನಾನು ನಿಂತದ್ದು ಏರಿನ ತುದಿಯಲ್ಲಿರುವ ಗಿರಣಿಯಲ್ಲಿ ಮಾತ್ರ. ಮರುವರ್ಷ ಅದಕ್ಕಿಂತ ಕೆಳಗಿನ ಬೇವಿನ ಮರ ಸೇರಿತು. ಕೊನೆಗೆ ಎಲ್ಲಕ್ಕಿಂತ ಕೆಳಗಿನ ಟೇಲರು. ನನ್ನ ಉಸಿರು ಮುಗಿಯುವ ಜಾಗ ವರ್ಷವರ್ಷಕ್ಕೆ ಬಸ್‌ಸ್ಟ್ಯಾಂಡಿನ ಕಡೆಗೆ ಇಳಿಯುತ್ತ ಬಂದಿತ್ತು. ನಾನದನ್ನು ಸ್ನೇಹ ಎಂದು ಬರೆದಿಟ್ಟಿದ್ದೆ.

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಬಹಳ ನಕ್ಕರು. ಇಷ್ಟು ಚಂದದ ರೋಗಚರಿತ್ರೆ ತಮಗೆ ಯಾರೂ ಕೊಟ್ಟಿಲ್ಲ ಎಂದರು. ಸಕ್ಕರೆ ಮತ್ತು ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಒಂದು ಗುಳಿಗೆ ಬರೆದರು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಹಾಕಿಕೊಳ್ಳುವ ಒಂದು ಇಂಜೆಕ್ಷನ್ನಿನ ವಿಷಯವನ್ನೂ ಹೇಳಿದರು. ಮೊದಲು ಅದು ಸಕ್ಕರೆ ಕಾಯಿಲೆಯವರ ಔಷಧಿ. ಹಸಿವು ತಗ್ಗಿಸಿ ತೂಕ ಇಳಿಸುತ್ತದೆ. ನನ್ನಂಥ ಹೃದಯದವರಲ್ಲಿ ಪರೀಕ್ಷಿಸಿದಾಗ ಏದುಸಿರು ಕಡಿಮೆಯಾಗಿ ಹೆಚ್ಚು ದೂರ ನಡೆಯುವಂತಾಗಿದೆಯಂತೆ. ಎಲ್ಲರಿಗೂ ಒಗ್ಗುವುದಿಲ್ಲ, ಬಿಟ್ಟರೆ ತೂಕ ಮರಳಬಹುದು, ಬಹಳ ವರ್ಷಗಳ ಮೇಲೆ ಏನಾಗುತ್ತದೆ ಎನ್ನುವುದನ್ನು ಇನ್ನೂ ನೋಡುತ್ತಿದ್ದಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ನಡಿಗೆ, ಊಟದ ಹಿಡಿತ ತಪ್ಪಿದ್ದಲ್ಲ. ಒಪ್ಪಿದೆ. ಮೊದಲ ತಿಂಗಳು ಎಣ್ಣೆ ಕಾಯುವ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಆಮೇಲೆ ಅರ್ಧ ರೊಟ್ಟಿಗೆ ಸಾಕೆನ್ನಿಸುವುದು ರೂಢಿಯಾಯಿತು. ಪಾದದ ಬಾವು ಇಳಿಯಿತು. ಯುಗಾದಿಯ ಹೊತ್ತಿಗೆ ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಎಲ್ಲೂ ನಿಲ್ಲದೆ ಬಂದೆ. ಹೊಸಿಲಲ್ಲಿ ನಿಂತು ಗಡಿಯಾರ ನೋಡಿಕೊಂಡು ಚಿಕ್ಕ ಹುಡುಗಿಯಂತೆ ಹಿಗ್ಗಿದೆ.

ಓಣಿ ಹಿಗ್ಗಲಿಲ್ಲ. ಈಗ ದಿನಾ ನಿಲ್ಲದೆ ಹೋಗುತ್ತಾರೆ, ಅಕ್ಕೋರಿಗೆ ಪ್ರಮೋಷನ್ ಆಗಿರಬೇಕು ಎಂದು ಟೇಲರು ಅಂದನಂತೆ. ಪಲ್ಲೆಯವಳು ನಾನು ಮೆಂತ್ಯ ಕೊಂಡಾಗಲೂ ತಲೆಯೆತ್ತಲಿಲ್ಲ. ಅವರಿಬ್ಬರನ್ನು ಹೇಗೋ ಸಮಾಧಾನ ಮಾಡಬಹುದಿತ್ತು. ಆಯಿಯದು ಬೇರೆ. ಅವಳ ಹೋಳಿಗೆಯನ್ನು ನಾನು ಎರಡು ಸಲ ಬೇಡವೆಂದಿದ್ದೆ, ಕಾರಣ ಹೇಳಿರಲಿಲ್ಲ. ತೂಕಕ್ಕೆ ಇಂಜೆಕ್ಷನ್ ಎಂದರೆ ಈ ವಯಸ್ಸಿನಲ್ಲಿ ಶೋಕಿ ಎಂದಾರೆಂಬ ಅಳುಕು. ಒಂದು ಶನಿವಾರ ಜೋಳದ ಹಿಟ್ಟು ತರಲು ಹೋದಾಗ ಸ್ಟೂಲಿನ ಮೇಲೆ ಯಾರದೋ ಗೋಧಿಯ ಡಬ್ಬಿ ಇತ್ತು. "ತಗೊಂಡ್ ನಡೀರಿ ಅಕ್ಕೋರ, ನಿಮಗ ಹೊತ್ತಾಗ್ತದ," ಎಂದು ಹಿಟ್ಟು ಮುಂದೆ ಸರಿಸಿ ಬೆನ್ನು ತಿರುಗಿಸಿದಳು.

ಆ ವಾರವೆಲ್ಲ ನನ್ನನ್ನು ಕಾಡಿದ್ದು ಅವಳ ಮುನಿಸಿಗಿಂತ ನನ್ನ ಪ್ರಶ್ನೆ. ನಾನು ನಿಂತಿದ್ದು ಉಸಿರಿಗಾಗಿ ಎಂದಾದರೆ, ಅವಳ ಮೇಲೆ ನನಗೆ ಪ್ರೀತಿ ಎಂಬುದೇ ಇರಲಿಲ್ಲವೇ? ಇತ್ತು ಎಂದು ಮನಸ್ಸು ಹೇಳುತ್ತಿತ್ತು. ಆದರೆ ಆ ಮನಸ್ಸೇ ತಾನೆ ಮೂರು ವರ್ಷ ಏದುಸಿರನ್ನು ಹರಟೆ ಎಂದು ನಂಬಿಸಿದ್ದು? ಅವಳಿಲ್ಲದೆ ಆ ಏರು ಸುಲಭವಾಗಿತ್ತು; ಸುಖವಾಗಿರಲಿಲ್ಲ.

ಮುಂದಿನ ಶನಿವಾರ ಮಷೀನು ನಿಂತಿದ್ದ ಹೊತ್ತು ನೋಡಿ ಹೋದೆ. ಕೂಗಿ ಹೇಳುವ ವಿಷಯವಾಗಿರಲಿಲ್ಲ. ಎದೆಯ ತೊಂದರೆ, ಸೂಜಿ, ದಿನಚರಿಯಲ್ಲಿ ಕಂಡದ್ದು, ಎಲ್ಲವನ್ನೂ ಹೇಳಿದೆ. ನಿನ್ನ ಬಾಗಿಲಲ್ಲಿ ಕೂರುತ್ತಿದ್ದುದು ದಣಿವಾರಿಸಿಕೊಳ್ಳಲಿಕ್ಕಂತೆ ಆಯಿ, ನನಗೇ ಗೊತ್ತಿರಲಿಲ್ಲ ಎಂದೆ.

ಆಯಿ ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ. "ಅದೇನ್ ಹೊಸಾದು ಹೇಳಾಕತ್ತೀರಿ? ಕಂಬ ಹಿಡ್ಕೊಂಡ್ ನಿಂತು ಜೋಳ ಹೆಂಗ ಅಂತ ಕೇಳ್ತಿದ್ರಿ. ನಾ ಹೇಳಿದ್ ಮ್ಯಾಲ ಮತ್ತ ಅದನ್ನ ಕೇಳ್ತಿದ್ರಿ. ಅದಕ್ಕ ಒಳಗಿನ ಸ್ಟೂಲ್ ತಂದು ಹೊರಗ ಇಟ್ಟೆ."

ಆ ಸ್ಟೂಲು ಮೊದಲಿನಿಂದಲೂ ಅಲ್ಲೇ ಇತ್ತೆಂದು ನನ್ನ ನೆನಪು. ಹಾಗಾದರೆ ಈಗೇಕೆ ಸಿಟ್ಟು ಎಂದು ಕೇಳಿದೆ.

"ಉಸಿರಿಗಂತ ನಿಂತ್ರಿ, ಆತು. ನಿಂತಾಗ ಆಡಿದ್ ಮಾತು ಸುಳ್ಳಾಗ್ತದೇನು? ಮೊದಲ ಉಸಿರಿರ್ಲಿಲ್ಲ, ನೀವ ಬರ್ತಿದ್ರಿ. ಈಗ ಉಸಿರ ಅದ, ನೀವ ಬರವಲ್ರಿ."

 ಅಂದೂ ಸ್ಟೂಲಿನ ಮೇಲಿದ್ದ ಗೋಧಿಯ ಡಬ್ಬಿಯನ್ನು ಎತ್ತಿ ಕೆಳಗಿಟ್ಟು ಕೂತೆ. ಆಯಿ ಜರಡಿ ಬದಿಗಿಟ್ಟು, ಹಸಿವು ಕಳೆಯಲಿಕ್ಕೂ ಸೂಜಿ ಬಂದಿದೆಯಲ್ಲ, ನಮ್ಮ ಕಾಲದಲ್ಲಿ ಹಸಿವು ಪುಕ್ಕಟೆ ಸಿಗುತ್ತಿತ್ತು ಎಂದಳು. ಅದಕ್ಕೆ ನಾವಿಬ್ಬರೂ ನಕ್ಕೆವು. ನನಗೆ ಪೂರಾ ನಗುವಷ್ಟು ಉಸಿರಿತ್ತು.

ಮನೆಗೆ ಬಂದು ಹಳೆಯ ನೋಟುಬುಕ್ಕು ಹುಡುಕಿದೆ. ಸಿಕ್ಕಿತು, ಮೊದಲ ವರ್ಷದ ಮಳೆಗಾಲದಲ್ಲಿ, ಒಂದೇ ಸಾಲು: ಆಯಿ ಗಿರಣಿ ಬಾಗಿಲಲ್ಲಿ ಸ್ಟೂಲು ಹಾಕಿದ್ದಾಳೆ, ಗಿರಾಕಿಗಳಿಗೆ ಅನುಕೂಲ.

ಈಗ ಬೆಳಿಗ್ಗೆ ಇಳಿಯುವಾಗಲೂ ಒಂದು ನಿಮಿಷ ನಿಲ್ಲುತ್ತೇನೆ. ಶನಿವಾರ ಗಿರಣಿಯ ತೂಕದ ಕಾಟಾದ ಮೇಲೆ ಮೊದಲು ಜೋಳದ ಚೀಲ, ಆಮೇಲೆ ನಾನು. ನನ್ನ ತೂಕವನ್ನು ಆಯಿ ಮಷೀನಿನ ಸದ್ದನ್ನು ಮೀರಿ ಕೂಗುತ್ತಾಳೆ, ಟೇಲರನಿಗೂ ಕೇಳಿಸುತ್ತದೆ. ಕಡಿಮೆಯಾಗಿದ್ದರೆ ಹೋಳಿಗೆಯ ಕಾಲು ಭಾಗ ಸಿಗುತ್ತದೆ. ಹೋದ ವಾರ ಆಗಿರಲಿಲ್ಲ. ಆದರೂ ಕೊಟ್ಟಳು.