ತೂತಿಲ್ಲದ ತೇಪೆ

ಸ್ಕೂಬಾ ಕಲಿತವರು ಯಾರ ಕೈಯಲ್ಲಿ ಕಲಿತರು ಎಂಬುದನ್ನು ನಾನು ಅವರ ಮಂಡಿ ನೋಡಿ ಹೇಳಬಲ್ಲೆ. ಮುಖ ನೋಡಬೇಕಾಗಿಲ್ಲ, ಮಾತಾಡಿಸಬೇಕಾಗಿಲ್ಲ. ನನ್ನದು ಸೂಟ್ ರಿಪೇರಿ ಅಂಗಡಿ. ಸೂಟ್ ಎಂದರೆ ಕೋಟು ಪ್ಯಾಂಟಲ್ಲ, ಸಿಲಿಂಡರ್ ಬೆನ್ನಿಗೇರಿಸಿಕೊಂಡು ನೀರಿನಾಳಕ್ಕೆ ಇಳಿಯುವವರು ತೊಡುವ ದಪ್ಪ ರಬ್ಬರ್ ಉಡುಪು. ಹರಿದರೆ ಅಂಟು ಹಚ್ಚಿ, ತೇಪೆ ಹಾಕಿ, ಅಂಚು ಹೊಲಿದು ಕೊಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಇದೇ ಅಂಟಿನ ವಾಸನೆ. ಅಂಗಡಿಯ ಎಡಕ್ಕೆ ನಮ್ಮ ಮನೆಯವರ ಸ್ಕೂಬಾ ಶಾಲೆ. ಬಲಕ್ಕೆ, ಬೇಕರಿ ದಾಟಿದರೆ, ಅವಳದು.

ನಮ್ಮ ಮನೆಯವರನ್ನು ಊರೆಲ್ಲ ಮೇಷ್ಟ್ರು ಎನ್ನುತ್ತದೆ. ಅವರು ಕಲಿಸುವ ರೀತಿಯೂ ಹಾಗೆಯೇ. ಈಜುಕೊಳದ ತಳದಲ್ಲಿ ಹತ್ತು ಜನರನ್ನು ಸಾಲಾಗಿ ಮಂಡಿಯೂರಿ ಕೂರಿಸುವುದು, ಒಬ್ಬೊಬ್ಬರಿಂದಲೂ ಕಣ್ಣಿನ ಮಾಸ್ಕ್ ತೆಗೆಸಿ ಮತ್ತೆ ಹಾಕಿಸುವುದು, ಮೂರು ದಿನಕ್ಕೆ ಮುಗಿಸಿ ಬೆನ್ನು ತಟ್ಟಿ ಕಳಿಸುವುದು. ದನಿ ದೊಡ್ಡದು, ಮನಸ್ಸೂ ದೊಡ್ಡದು. ಅವರ ಶಾಲೆಯ ಸೂಟುಗಳು ನನ್ನ ಮೇಜಿಗೆ ಬರುವ ಹೊತ್ತಿಗೆ ಕೊಳದ ಟೈಲ್ಸಿಗೆ ಉಜ್ಜಿ ಉಜ್ಜಿ ಮಂಡಿಯ ಜಾಗದಲ್ಲಿ ಆಚೆಯ ಬೆಳಕು ಕಾಣುತ್ತಿರುತ್ತದೆ.

ಅವಳ ಸೂಟುಗಳು ಹಾಗಲ್ಲ. ಜಿಪ್ ಕೆಟ್ಟು ಬರುತ್ತಿದ್ದವು, ಕುತ್ತಿಗೆ ಪಟ್ಟಿ ಸಡಿಲವಾಗಿ ಬರುತ್ತಿದ್ದವು. ಮಂಡಿ ಮಾತ್ರ ನಿನ್ನೆ ತಂದಷ್ಟು ಹೊಸದು. ಮೊದಮೊದಲು ನನಗೆ ಖುಷಿಯೇ ಆಗಿತ್ತು. ಇವಳು ಏನೂ ಕಲಿಸುವುದಿಲ್ಲ, ನೀರಿನಲ್ಲಿ ನೆನೆಸಿ ಎತ್ತಿ ಕಳಿಸುತ್ತಾಳೆ ಅಷ್ಟೆ ಎಂದುಕೊಂಡಿದ್ದೆ.

ಅವಳು ಒಂದು ಕಾಲಕ್ಕೆ ನಮ್ಮ ಮನೆಯವರ ಶಿಷ್ಯೆ. ಅದಕ್ಕೂ ಮುಂಚೆ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಎಲ್ಲೋ ಹೋಗಿ ಎರಡು ವರ್ಷ ಹೆಚ್ಚಿನದು ಕಲಿತು ಬಂದು, ನೆಟ್ಟಗೆ ನಮ್ಮ ಬೀದಿಯಲ್ಲೇ ಬೋರ್ಡು ನೇತುಹಾಕಿದಳು. ಊರಲ್ಲಿ ಬೇರೆ ಬೀದಿಯೇ ಇರಲಿಲ್ಲವೇ? ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ ತಾಯಿಯ ಜೊತೆ ಇರುತ್ತಾಳೆ. ತಾಯಿಗೆ ಕಿವಿ ಕೇಳುವುದಿಲ್ಲ. ಹಾಗಾಗಿ ಇವಳು ಚಿಕ್ಕಂದಿನಿಂದ ಕೈಯಲ್ಲೇ ಮಾತಾಡಿ ಬೆಳೆದವಳು. ಮಧ್ಯಾಹ್ನ ಒಂದು ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಊಟ ಮಾಡುತ್ತಾಳೆ. ಯಾರ ಮೇಲೂ ರೇಗಿದ್ದನ್ನು ನಾನು ಕಂಡಿಲ್ಲ, ಅದಕ್ಕೂ ನನಗೆ ಸಿಟ್ಟೇ. ಒಂದು ಸಲಕ್ಕೆ ನಾಲ್ಕೇ ಜನರನ್ನು ತೆಗೆದುಕೊಳ್ಳುವುದು. ಮೇಷ್ಟ್ರು ಮೂರು ದಿನದಲ್ಲಿ ಮುಗಿಸುವುದಕ್ಕೆ ಇವಳಿಗೆ ಏಳು ದಿನ ಬೇಕು. ಅಷ್ಟಾದ ಮೇಲೂ ಒಬ್ಬನಿಗೆ, ನೀನಿನ್ನೂ ತಯಾರಾಗಿಲ್ಲ, ಇನ್ನೆರಡು ದಿನ ಬಾ ಎಂದಿದ್ದಳಂತೆ.

ನನ್ನ ಅಂಗಡಿ ನಡುವೆ ಇರುವುದರಿಂದ ಕಲಿಯಲು ಬಂದವರು ಮೊದಲು ನನ್ನನ್ನೇ ಕೇಳುತ್ತಾರೆ: ಇಬ್ಬರಲ್ಲಿ ಯಾರು ಚೆನ್ನಾಗಿ ಹೇಳಿಕೊಡುತ್ತಾರೆ? ಅವಳದು ತುಂಬಾ ನಿಧಾನ, ನಾವೆಲ್ಲ ಅವಳನ್ನು ನಿಧಾನಿ ಅಂತಲೇ ಕರೆಯುವುದು ಎಂದು ಹೇಳಿಬಿಡುತ್ತಿದ್ದೆ. ನಾವೆಲ್ಲ ಅಂದರೆ ನಾನೊಬ್ಬಳೇ. ಆದರೆ ಹೆಸರು ಬೀದಿಗೆ ಬಿತ್ತು. ಆಮೇಲೆ ನೋಡಿದರೆ ನೀರಿಗೆ ಹೆದರುವವರು, ವಯಸ್ಸಾದವರು, ಹೆಣ್ಣುಮಕ್ಕಳ ಅಪ್ಪಂದಿರು, ಎಲ್ಲರೂ ಆ ನಿಧಾನಿಯ ಶಾಲೆ ಎಲ್ಲಿ ಎಂದು ಕೇಳಿಕೊಂಡು ಬರತೊಡಗಿದರು. ಪುಕ್ಕಟೆ ಜಾಹೀರಾತು, ಅದೂ ನನ್ನ ಬಾಯಿಂದ. ಮೈಯೆಲ್ಲ ಉರಿದುಹೋಯಿತು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಏನು ಮಾಡುತ್ತಾಳೆ ನೋಡಿಯೇಬಿಡೋಣ ಎಂದು ಈಜುಕೊಳಕ್ಕೆ ಹೋದೆ. ಬೆಳಿಗ್ಗೆ ಕೊಳ ನಮ್ಮ ಮನೆಯವರಿಗೆ, ಮಧ್ಯಾಹ್ನ ಅವಳಿಗೆ. ಮೆಟ್ಟಿಲಿಳಿದು ಹೋದರೆ ಕೊಳದ ಗೋಡೆಯಲ್ಲಿ ಒಂದು ಗಾಜಿನ ಕಿಟಕಿ ಇದೆ, ಅಲ್ಲಿಂದ ನೀರಿನ ಒಳಗೆಲ್ಲ ಕಾಣುತ್ತದೆ. ಅವಳ ನಾಲ್ವರು ಶಿಷ್ಯರು ತಳಕ್ಕೂ ತಾಗದೆ, ಮೇಲಕ್ಕೂ ಏಳದೆ, ನಡುನೀರಿನಲ್ಲಿ ಅಡ್ಡಕ್ಕೆ ಮಲಗಿದಂತೆ ನಿಂತಿದ್ದರು. ಉಸಿರೆಳೆದರೆ ಚೂರು ಮೇಲೆ, ಬಿಟ್ಟರೆ ಚೂರು ಕೆಳಗೆ. ಹಾಗೇ ನಿಂತು ಮಾಸ್ಕ್ ತೆಗೆದರು, ಹಾಕಿಕೊಂಡರು. ಒಬ್ಬರೂ ಗಾಬರಿಯಾಗಲಿಲ್ಲ. ಅವಳು ಎದುರಿಗೆ ತೇಲಿಕೊಂಡು ಕೈಯಲ್ಲೇ ಎಲ್ಲ ಹೇಳುತ್ತಿದ್ದಳು. ನಮ್ಮ ಮನೆಯವರ ದೊಡ್ಡ ದನಿ ನೀರೊಳಗೆ ಯಾವ ಉಪಯೋಗಕ್ಕೂ ಬರುವುದಿಲ್ಲ ಎಂಬುದು ನನಗೆ ಅವತ್ತೇ ಹೊಳೆದದ್ದು.

ಹೊಟ್ಟೆಗೆ ಕೆಂಡ ಸುರಿದಂತಾಯಿತು. ಮಂಡಿಯೂರಿ ಯಾರು ಬೇಕಾದರೂ ಕೂತುಕೊಳ್ಳುತ್ತಾರೆ, ತೇಲಿಕೊಂಡು ನಿಲ್ಲುವುದೇ ವಿದ್ಯೆ. ಅವಳು ನಮ್ಮವರಿಗಿಂತ ಒಳ್ಳೆಯ ಮೇಷ್ಟ್ರು. ಇದು ನನಗೆ ಗೊತ್ತಾಯಿತು, ಮತ್ತು ಇದು ಗೊತ್ತಿರುವುದು ಇಡೀ ಊರಲ್ಲಿ ನನಗೊಬ್ಬಳಿಗೇ.

ಆಗ ನಾನು ಮಾಡಿದ ಕೆಲಸವನ್ನು ಯಾರಿಗೂ ಹೇಳಿರಲಿಲ್ಲ. ಎರಡೂ ಶಾಲೆಯ ಸೂಟುಗಳು ನನ್ನ ಅಂಗಡಿಯಲ್ಲಿ ಒಂದೇ ಗೂಟಕ್ಕೆ ನೇತಾಡುತ್ತವೆ. ಬಂದವರು ನೋಡಿದರೆ? ಒಂದರ ಮಂಡಿ ಚಿಂದಿ, ಇನ್ನೊಂದರದು ಹೊಸದು ಯಾಕೆ ಎಂದು ಕೇಳಿದರೆ? ಅವಳ ಸೂಟು ಜಿಪ್ಪಿಗೆಂದು ಬಂದಾಗ, ಯಾರೂ ಹೇಳದೆಯೇ, ಎರಡೂ ಮಂಡಿಗೆ ದೊಡ್ಡ ಕಪ್ಪು ತೇಪೆ ಹಾಕಿದೆ. ತೂತಿಲ್ಲದ ಜಾಗಕ್ಕೆ ತೇಪೆ! ಆರು ತಿಂಗಳಲ್ಲಿ ಅವಳ ಎಲ್ಲ ಸೂಟಿಗೂ ಹಾಕಿ ಮುಗಿಸಿದೆ. ಈಗ ಎರಡು ಶಾಲೆಯೂ ಒಂದೇ ಥರ ಕಂಡವು. ಅವಳು ಅದರ ಬಗ್ಗೆ ಚಕಾರ ಎತ್ತಲಿಲ್ಲ, ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಹೀಗಿರುವಾಗ ನಮ್ಮ ಮಗಳು ಬಂದರಿನ ಕೆಲಸಕ್ಕೆ ಅರ್ಜಿ ಹಾಕಿದಳು. ಹಡಗುಗಳ ಅಡಿಗೆ ಇಳಿದು ಪರೀಕ್ಷೆ ಮಾಡುವ ಕೆಲಸ. ಹನ್ನೆರಡನೇ ವಯಸ್ಸಿನಿಂದ ಅವಳಿಗೆ ಅದೊಂದೇ ಹಂಬಲ. ಅಪ್ಪನೇ ತಯಾರು ಮಾಡಿದರು. ಪರೀಕ್ಷೆ ಇದ್ದದ್ದು ಬಂದರಿನ ಕೆಸರುನೀರಿನಲ್ಲಿ: ತಳದಿಂದ ಒಂದು ಮಾರು ಮೇಲೆ ನಿಂತು ಮಾಸ್ಕ್ ತೆಗೆದು ಹಾಕಬೇಕು, ತಳ ತಾಕಬಾರದು. ತಾಕಿದರೆ ಕೆಸರೆದ್ದು ಪಕ್ಕದಲ್ಲಿ ಕೆಲಸ ಮಾಡುವವನಿಗೂ ಕಣ್ಣು ಕಾಣುವುದಿಲ್ಲ. ಮಗಳು ಮಾಸ್ಕಿಗೆ ಕೈ ಹಾಕಿದ್ದೇ ತಡ, ಅಭ್ಯಾಸಬಲದಿಂದ ಮಂಡಿ ಮಡಚಿ ನೆಲಕ್ಕಿಳಿದಳು. ಕೆಸರೆದ್ದಿತು. ಫೇಲು. ಎರಡು ತಿಂಗಳಾದ ಮೇಲೆ ಇನ್ನೊಂದೇ ಅವಕಾಶ, ಅದೂ ಹೋದರೆ ಬಂದರಿನ ಬಾಗಿಲು ಮುಚ್ಚಿದಂತೆ.

ಹೆದರಿಕೆಯಿಂದ ಹಾಗಾಯಿತು, ಇನ್ನಷ್ಟು ಸಲ ಮಂಡಿಯೂರಿ ಅಭ್ಯಾಸ ಮಾಡಿಸುತ್ತೇನೆ ಎಂದರು ಅವಳಪ್ಪ. ನಾನು ಸಾರಿಗೆ ಉಪ್ಪು ಹಾಕುತ್ತಿದ್ದೆ. ಎರಡು ಸಲ ಹಾಕಿದೆ.

ಅದಾಗಿ ವಾರಕ್ಕೆ ಮಗಳು ಅಂಗಡಿಯಲ್ಲಿ ನನ್ನ ಜೊತೆ ಕೂತಿದ್ದಳು. ನಿಧಾನಿಯ ಸೂಟುಗಳು ಬಂದಿದ್ದವು. ಒಂದರ ತೇಪೆಯ ಅಂಚು ಎದ್ದಿದೆ, ಕಿತ್ತು ಬೇರೆ ಅಂಟು ಹಚ್ಚು ಎಂದು ನನ್ನ ಕೈಯಾರೆ ಅವಳಿಗೆ ಕೊಟ್ಟೆ. ಹೊಲಿಗೆ ಯಂತ್ರದ ಸೂಜಿ ಮುರಿದಿತ್ತು, ಗಮನವೆಲ್ಲ ಅದರ ಮೇಲಿತ್ತು. ನನ್ನ ಬುದ್ಧಿಗಿಷ್ಟು!

“ಅಮ್ಮ, ಇದರ ಕೆಳಗೆ ತೂತೇ ಇಲ್ಲ.”

ನಾನು ತಲೆಯೆತ್ತಲಿಲ್ಲ. ಅವಳು ಎರಡನೆಯದನ್ನು ಬಿಚ್ಚಿದಳು, ಮೂರನೆಯದನ್ನು ಬಿಚ್ಚಿದಳು. ಬ್ಲೇಡಿನ ಸದ್ದು ಕೇಳಿಸುತ್ತಿತ್ತು.

“ಒಂದರಲ್ಲೂ ಇಲ್ಲ. ಹಾಗಾದ್ರೆ ಅವರ ಹತ್ರ ಯಾರೂ ಮಂಡಿ ಊರೋದೇ ಇಲ್ವಾ?”

“ಇಲ್ಲ.”

“ನಿನಗೆ ಯಾವಾಗಿಂದ ಗೊತ್ತು?”

“ನಾಲ್ಕು ವರ್ಷ ಆಯ್ತು.”

“ನಾನು ಫೇಲಾಗಿ ಮನೆಗೆ ಬಂದ ದಿನವೂ ಗೊತ್ತಿತ್ತಾ?”

ಗೊತ್ತಿತ್ತು ಎಂದೆ. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಕಿತ್ತ ತೇಪೆಗಳನ್ನು ಒಂದರ ಮೇಲೊಂದು ಜೋಡಿಸಿ ನನ್ನ ಮುಂದಿಟ್ಟಳು. ಹೋಗು, ಅವಳ ಹತ್ತಿರ ಕಲಿ ಎಂದೆ. ಅಪ್ಪನಿಗೆ ಯಾರು ಹೇಳುವುದು ಎಂದು ಕೇಳಿದಳು. ನಾನೇ ಹೇಳಿದೆ. ಊಟಕ್ಕೆ ಕೂತಾಗ, ಮಗಳನ್ನು ಆ ಶಾಲೆಗೆ ನಾನೇ ಕಳಿಸುತ್ತಿದ್ದೇನೆ ಎಂದೆ. ತೇಪೆಯ ವಿಷಯ ಮಾತ್ರ ಹೇಳುವ ಧೈರ್ಯ ಬರಲಿಲ್ಲ. ಅವರು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದರು. ಅವತ್ತಿನಿಂದ ನನ್ನ ಜೊತೆ ಮಾತು ಅಳೆದು ತೂಗಿ, ಅಗತ್ಯಕ್ಕೆ ತಕ್ಕಷ್ಟೇ. ಮಧ್ಯಾಹ್ನ ಮನೆಗೂ ಬರುತ್ತಿರಲಿಲ್ಲ. ಎಲ್ಲೋ ಟೀ ಅಂಗಡಿಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಾರೆ ಎಂದು ಸುಮ್ಮನಿದ್ದೆ.

ಆ ಎರಡು ತಿಂಗಳು ನಾನು ಪಟ್ಟ ಸಂಕಟ ನನಗೇ ಗೊತ್ತು. ಮಗಳು ಮನೆಗೆ ಬಂದರೆ ಬರೀ ಅವಳದೇ ಮಾತು. ಮೇಡಂ ಹೀಗೆ ಹೇಳಿದರು, ಮೇಡಂ ಹಾಗೆ ತೋರಿಸಿದರು, ಮೇಡಂ ಒಂದು ದಿನವಿಡೀ ಬರೀ ಉಸಿರಾಡಿಸಿದರು. ಹೆತ್ತವಳು ನಾನು, ಹೊತ್ತವಳು ನಾನು, ಈಗ ಉಸಿರಾಡಿಸುವವಳು ಅವಳು! ಮಗಳು ಕಲಿಯುವುದೂ ಬೇಕು, ಅವಳಿಂದ ಕಲಿಯುವುದೂ ಬೇಡ. ಎರಡೂ ಒಟ್ಟಿಗೆ ಹೇಗಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ.

ಪರೀಕ್ಷೆಗೆ ನಾಲ್ಕು ದಿನವಿದೆ ಎನ್ನುವಾಗ ನಿಧಾನಿ ಸ್ವತಃ ಅಂಗಡಿಗೆ ಬಂದಳು. ಮಂಡಿಯ ತೇಪೆ ಕಿತ್ತಿದ್ದ ಸೂಟುಗಳನ್ನು ಮೇಜಿನ ಮೇಲೆ ಹರಡಿದಳು. ಸಿಕ್ಕಿಬಿದ್ದೆ ಎಂದುಕೊಂಡೆ.

“ಅಕ್ಕ, ಇವಕ್ಕೆ ಮತ್ತೆ ತೇಪೆ ಹಾಕ್ಕೊಡ್ತೀರಾ? ನೀವಾಗೇ ಹಾಕಿಕೊಟ್ಟಿದ್ರಲ್ಲ, ಅವತ್ತಿಂದ ಹುಡುಗರಿಗೆ ಅದನ್ನೇ ತೋರಿಸ್ತಿದ್ದೆ. ಅಕ್ಕ ಪ್ರೀತಿಯಿಂದ ಹಾಕಿದ್ದಾರೆ, ತಳಕ್ಕೆ ತಾಗಿಸಿ ಹಾಳು ಮಾಡಬೇಡಿ ಅಂತ. ಅದನ್ನ ನೋಡಿದ ಮೇಲೆ ಹೊಸಬರೂ ತಾಗಿಸೋಲ್ಲ.”

ನಾಲ್ಕು ವರ್ಷದಿಂದ ನನ್ನ ಹೊಟ್ಟೆಕಿಚ್ಚೇ ಅವಳಿಗೆ ಪಾಠದ ಸಾಮಾನಾಗಿತ್ತು. ಇಂಗು ತಿಂದ ಮಂಗನಂತೆ ನಿಂತೆ. ನಿಜ ಹೇಳಿಬಿಡೋಣ ಎಂದು ಬಾಯಿಗೆ ಬಂತು. ಅವಳ ಮುಖ ನೋಡಿ ನಾಳೆ ಕೊಡುತ್ತೇನೆ ಎಂದಷ್ಟೇ ಹೇಳಿದೆ. ತೇಪೆಯ ನಿಜವನ್ನು ಮಗಳು ಅವಳಿಗೆ ಹೇಳಿರಲಿಲ್ಲ, ಇಲ್ಲವೇ ಅವಳು ಗೊತ್ತಿದ್ದೂ ಗೊತ್ತಿಲ್ಲದವಳಂತಿದ್ದಳು. ಇಬ್ಬರೂ ನನ್ನ ಮಾನ ಉಳಿಸುತ್ತಿದ್ದರೇನೋ. ಅದಕ್ಕೂ ಉರಿಯಿತು.

ಪರೀಕ್ಷೆಯ ದಿನ ಮಗಳು ಒದ್ದೆ ಕೂದಲಲ್ಲೇ ಅಂಗಡಿಗೆ ಬಂದಳು. ಅವಳಪ್ಪ ಎಲ್ಲಿಂದಲೋ ಬಂದು ಬಾಗಿಲಲ್ಲಿ ನಿಂತಿದ್ದರು. ತಳ ತಾಕಿತಾ ಎಂದು ಅವರು ಕೇಳಿದರು. ಇಲ್ಲಪ್ಪ ಎಂದಳು. ಪಾಸಾಗಿದ್ದಳು. ಅವರು ಅವಳ ತಲೆ ಸವರಿ ಹೊರಟುಹೋದರು.

ಮರುದಿನ ಅವರು ತಮ್ಮ ಸ್ವಂತ ಸೂಟು ತಂದು ಮೇಜಿನ ಮೇಲಿಟ್ಟರು. ಕಂಕುಳ ಹೊಲಿಗೆ ಬಿಟ್ಟಿತ್ತು. ಎಷ್ಟೋ ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಮಂಡಿಗೆ ಹಾಕುವ ರಬ್ಬರ್ ತುಂಡಿನ ಕಡೆ ಹೋಯಿತು.

“ಮಂಡಿಗೆ ಬೇಡ,” ಎಂದರು.

ತಿರುಗಿಸಿ ನೋಡಿದೆ. ಎರಡು ತಿಂಗಳ ಹಿಂದೆ ನಾನು ಹಾಕಿದ ತೇಪೆ, ಹೊಳಪು ಕೂಡ ಹೋಗಿರಲಿಲ್ಲ. ಏನಿದು ಎಂದು ಕೇಳಿದೆ. ಮಧ್ಯಾಹ್ನದ ಹೊತ್ತು ಮಗಳ ಪಾಠ ನೋಡಲು ಕೊಳದ ಕೆಳಗಿನ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಮೊದಲ ವಾರ ಎದೆಗೆ ಇರಿದ ಹಾಗಾಯಿತಂತೆ. ಎರಡನೆಯ ವಾರ ಮೆಟ್ಟಿಲು ಹತ್ತಿ ಹೋಗಿ, ನನಗೂ ಹೇಳಿಕೊಡು ಎಂದು ಅವಳನ್ನೇ ಕೇಳಿದರಂತೆ. ತಾವು ಕಲಿಸಿದ ಹುಡುಗಿಯನ್ನು. ಈ ವಯಸ್ಸಿನಲ್ಲಿ.

ಅದೇ ಕಿಟಕಿ. ಅದೇ ಉರಿ. ಅವರು ಅಲ್ಲಿಂದ ಮೆಟ್ಟಿಲು ಹತ್ತಿ ಹೋಗಿ ಕೇಳಿದರು. ನಾನು ಅವತ್ತು ಅಂಗಡಿಗೆ ಬಂದು ತೇಪೆ ಕತ್ತರಿಸಲು ಕತ್ತರಿ ಹಿಡಿದೆ. ಇಷ್ಟು ವರ್ಷ ಅವಳ ಮೇಲಿದ್ದ ಹೊಟ್ಟೆಕಿಚ್ಚು ಒಂದು ಕ್ಷಣಕ್ಕೆ ನನ್ನ ಗಂಡನ ಮೇಲೆ ತಿರುಗಿತು.

ಆಗ ಅವರು ಜಿಪ್ ರಿಪೇರಿಗೆ ಬಂದು ಗೂಟಕ್ಕೆ ನೇತಾಡುತ್ತಿದ್ದ ಅವಳ ಸೂಟಿನ ಮಂಡಿಯ ತೇಪೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಅದರ ಗುಟ್ಟನ್ನು ಮಗಳು ಹೇಳಿರಬೇಕು. ಅವರು ಕೂಗಲಿಲ್ಲ, ಊರಿಗೆಲ್ಲ ಕೇಳುವ ಆ ದನಿ ಎಲ್ಲೋ ಹೋಗಿತ್ತು.

“ನನಗೊಂದು ಮಾತು ಹೇಳಬಾರದಿತ್ತಾ? ಆ ನಾಲ್ಕು ವರ್ಷದಲ್ಲಿ ಎಷ್ಟು ಜನಕ್ಕೆ ಮಂಡಿ ಊರೋದನ್ನ ಕಲಿಸಿಬಿಟ್ಟೆ.”

ಅವರ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ ನಾನು. ಹೊರಗೆ ಶಿಷ್ಯರು ಕಾಯುತ್ತಿದ್ದರು, ಈ ಸಲ ನಾಲ್ಕೇ ಜನ. ಅವರು ಹೋದ ಮೇಲೆ ಕಂಕುಳ ಹೊಲಿಗೆ ಹಾಕಲು ಕೂತೆ. ಸೂಜಿಗೆ ದಾರ ಪೋಣಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು.