ಟವೆಲ್ಲಿನ ಕೆಳಗೆ ನಾಲ್ಕು ವರ್ಷ

ಸಿರುಗುಪ್ಪದ ದನದ ಸಂತೆಯಲ್ಲಿ ಹುಲುಗಪ್ಪ ಇಪ್ಪತ್ತು ವರ್ಷ ದಲ್ಲಾಳಿಯಾಗಿದ್ದ. ಎತ್ತಿನ ಬೆಲೆಯನ್ನು ಅವನು ಬಾಯಲ್ಲಿ ಆಡಿದವನಲ್ಲ. ಎದುರಿನವನ ಕೈಮೇಲೆ ಟವೆಲ್ಲು ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ತಿಳಿಸುತ್ತಿದ್ದ. ಕೈ ಕುಲುಕಿದರೆ ವ್ಯಾಪಾರ ಮುಗಿದಂತೆ. ಆಮೇಲೆ ಬೆಲೆ ಏರಿದರೆ ಹೆಚ್ಚಿನದನ್ನು ದಲ್ಲಾಳಿಯೇ ತುಂಬಿಕೊಡಬೇಕು. ಅವನಿಗೆ ಗೊತ್ತಿದ್ದ ಕಾನೂನು ಅದೊಂದೇ.

೧೯೪೬ರಲ್ಲಿ ಅವನ ತಂಗಿ ಸುಂಕಮ್ಮನ ಗಂಡ ಗಾಳೆಪ್ಪ, ರಾರಾವಿಯಲ್ಲಿ ಬದುವಿನ ಜಗಳಕ್ಕೆ ಪಕ್ಕದ ಹೊಲದವನ ತಲೆಗೆ ಬಡಿಗೆಯಿಂದ ಹೊಡೆದ. ಆ ಮನುಷ್ಯ ಸತ್ತ. ಗಾಳೆಪ್ಪ ಕೊಲೆಯ ಆಪಾದನೆ ಹೊತ್ತು ಬಳ್ಳಾರಿ ಜೈಲು ಸೇರಿದ. ಗಲ್ಲೋ, ಜೈಲೋ, ಜೈಲಾದರೆ ಎಷ್ಟು ವರ್ಷ ಎಂಬುದು ಸುಂಕಮ್ಮನ ಚಿಂತೆ.

ಹುಲುಗಪ್ಪ ಎರಡು ದಿನ ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಶಿಕ್ಷೆಯ ಧಾರಣೆ ವಿಚಾರಿಸಿದ. ಒಂದೇ ಏಟು ಹೊಡೆದ ಒಬ್ಬನಿಗೆ ಗಲ್ಲು. ಮೂರು ಏಟು ಹೊಡೆದ ಕುರುಗೋಡಿನವನಿಗೆ ಮೂರು ವರ್ಷ.

"ಇದೆಂಥಾ ಧಾರಣಿರೀ ವಕೀಲ್ರ?" ಎಂದು ತಮ್ಮ ಕಡೆಯ ವಕೀಲ ಮರಿಬಸಪ್ಪನವರನ್ನು ಕೇಳಿದ.

"ಧಾರಣಿ ಅಲ್ಲಪಾ. ಹೊಡೆದದ್ದು ಖರೇ, ಕೊಲ್ಲೋ ಮನಸ್ಸಿರಲಿಲ್ಲ ಅಂತ ಗಾಳೆಪ್ಪ ಒಪ್ಪಿಕೊಂಡ್ರ, ಸರ್ಕಾರಿ ವಕೀಲರು ಕೊಲೆಗಿಂತ ಸಣ್ಣ ಕಲಮಿಗೆ ಹೂಂ ಅನ್ನಬಹುದು. ವರ್ಷ ಎಷ್ಟು ಅನ್ನೋದು ಜಡ್ಜ್ ಸಾಹೇಬರ ಕೈಯಾಗೈತಿ."

"ಅಂದ್ರ ಚೌಕಾಸಿ ಐತಿ."

ಮರಿಬಸಪ್ಪ ಇಲ್ಲವೆನ್ನುವಷ್ಟರಲ್ಲಿ ಹುಲುಗಪ್ಪ ಎದ್ದು ಹೋಗಿದ್ದ. ಮೆಟ್ಟಿಲಿಳಿಯುತ್ತಿದ್ದ ಸರ್ಕಾರಿ ವಕೀಲರ ಕೈಮೇಲೆ ಟವೆಲ್ಲು ಹೊದಿಸಿ ನಾಲ್ಕು ಬೆರಳು ಅದುಮಿದ. ಮದರಾಸಿನಿಂದ ಬಂದಿದ್ದ ಅವರು ಇವನನ್ನು ನಾಡಿ ನೋಡುವ ವೈದ್ಯನೆಂದು ತಿಳಿದರು. ತಮ್ಮ ಹೊಟ್ಟೆಯುರಿಯ ಸಂಗತಿಯನ್ನು ತೆಲುಗಿನಲ್ಲಿ ವಿವರವಾಗಿ ಹೇಳಿದರು. ಬೆರಳು ಮಾತಾಡುವಾಗ ಬಾಯಿ ಬೇರೇನೋ ಹರಟುವುದು ಸಂತೆಯ ರೂಢಿ, ಹಾಗಾಗಿ ಹುಲುಗಪ್ಪ ಆ ಹೊಟ್ಟೆಗೆ ಗಮನ ಕೊಡಲಿಲ್ಲ. ಕೊನೆಗೆ ಅವರು ಕೃತಜ್ಞತೆಯಿಂದ ಕೈ ಕುಲುಕಿದರು.

"ನಾಲ್ಕಕ್ಕ ಮುಗಿಸೀನಿ," ಎಂದು ತಂಗಿಗೆ ಹೇಳಿದ.

ಗಾಳೆಪ್ಪ ತಪ್ಪೊಪ್ಪಿಕೊಂಡ. ಸಣ್ಣ ಕಲಮಿಗೆ ಒಪ್ಪಿಗೆಯಾಯಿತು. ಜಡ್ಜರು ಏಳು ವರ್ಷ ವಿಧಿಸಿದರು.

"ಸ್ವಾಮಿ, ನಾಲ್ಕಕ್ಕ ಮುಗಿದೈತಿ," ಎಂದು ಹಿಂದಿನಿಂದ ಹುಲುಗಪ್ಪ ಎದ್ದುನಿಂತ. "ಆ ವಕೀಲರನ್ನ ಕೇಳ್ರಿ. ಟವೆಲ್ಲಿನ್ಯಾಗ ನಾಲ್ಕು ಹಿಡಿದೀನಿ."

ಜಡ್ಜರು ಸರ್ಕಾರಿ ವಕೀಲರತ್ತ ನೋಡಿದರು.

"ನಾಲ್ಕು ದಿನ ಪಥ್ಯ ಅಂತ ತಿಳಿದಿದ್ದೆ," ಎಂದರು ಅವರು. "ಖಾರ ಬಿಟ್ಟೆ. ಗುಣವೂ ಆಯಿತು."

ಗಾಳೆಪ್ಪನ ಏಳು ಏಳಾಗಿಯೇ ಉಳಿಯಿತು. ಹುಲುಗಪ್ಪನಿಗೆ ಕೋರ್ಟು ಮುಗಿಯುವತನಕ ಮೂಲೆಯಲ್ಲಿ ಕುಳಿತಿರುವ ಶಿಕ್ಷೆಯಾಯಿತು.

ಹೊರಗೆ ಸುಂಕಮ್ಮ ಕಾಯುತ್ತಿದ್ದಳು. ಅತ್ತಿರಲಿಲ್ಲ.

"ನಾಲ್ಕಕ್ಕ ಕೈ ಕುಲುಕಿದಿ, ಏಳಾತು. ಮ್ಯಾಲಿನ ಮೂರು ಯಾರು ತುಂಬಬೇಕಣ್ಣ?"

"ಇದು ಎತ್ತಿನ ವ್ಯಾಪಾರ ಅಲ್ಲವ್ವ."

"ನೀ ಮಾಡಿದ್ದು ಅದನ್ನೇ."

ನಾಲ್ಕು ವರ್ಷ ಸುಂಕಮ್ಮ ಆಳುಗಳಿಂದ ಹೊಲ ಮಾಡಿಸಿದಳು. ಐದನೆಯ ವರ್ಷ, ಮೇಲಿನ ಮೂರನ್ನು ತುಂಬಲೆಂದು ಅಣ್ಣನನ್ನು ನೇಗಿಲಿಗೆ ಹಚ್ಚಿದಳು. ದಾರಿಹೋಕರು, "ಏನಲೇ ಹುಲುಗಪ್ಪ, ಶಿಕ್ಷಿ ಎಷ್ಟು ಉಳೀತು?" ಎನ್ನುತ್ತಿದ್ದರು.

೧೯೫೧ರಲ್ಲಿ, ಅವನು ಎರಡನೆಯ ವರ್ಷದ ಉಳುಮೆಯಲ್ಲಿದ್ದಾಗ, ಗಾಳೆಪ್ಪ ಬದುವಿನ ಮೇಲೆ ನಡೆದುಬಂದ. ಒಳ್ಳೆಯ ನಡತೆಗೆಂದು ಜೈಲಿನವರು ಉಳಿದ ಶಿಕ್ಷೆ ಮಾಫಿ ಮಾಡಿದ್ದರು.

ಹುಲುಗಪ್ಪ ನೇಗಿಲು ಬಿಟ್ಟ. "ಅವಗ ಮಾಫಿ ಆತಂದ್ರ ನನಗೂ ಆತು."

ಸುಂಕಮ್ಮ ಬುತ್ತಿ ಇಳಿಸಿ ಗಂಡನನ್ನು ನೋಡಿದಳು, ಆಮೇಲೆ ಅಣ್ಣನನ್ನು.

"ಆತು. ಹಿಡಿದ ಸಾಲು ಮುಗಿಸಿ ಹೋಗು."

ಅವನು ಮುಗಿಸಿಯೇ ಹೋದ.