ಮೀನಿನ ಮರಿಗಳಿಗೆ ರಾಗಿ ಸರಿ

ಊಟಿಯ ಚಳಿಗೆ ಮನುಷ್ಯರೇ ಮುದುಡಿ ಕೂರುವಾಗ ಮೀನು ಮೊಟ್ಟೆಯಿಟ್ಟು ಮರಿ ಮಾಡುತ್ತದೆಂದು ನಾನು ಎಣಿಸಿರಲಿಲ್ಲ. ಪೇಟೆಯ ಅಂಗಡಿಯಿಂದ ನನ್ನವರು ತಂದ ಜೋಡಿ ಅದು. ಸಿಕ್ಲಿಡ್ ಜಾತಿ, ಬೂದು ಮೈಮೇಲೆ ಕಪ್ಪು ಪಟ್ಟೆ; ಇಂಗ್ಲಿಷಿನಲ್ಲಿ ಅದಕ್ಕೆ ಕೈದಿ ಎಂದೇ ಹೆಸರಂತೆ. ಅಂದಿನಿಂದ ನಮ್ಮತ್ತೆಗೆ ಅವು ಜೈಲು ಮೀನು. ನಡುಮನೆಯ ಕಿಟಕಿಯ ಪಕ್ಕ, ಹೀಟರ್ ಹಾಕಿದ ಗಾಜಿನ ತೊಟ್ಟಿಯಲ್ಲಿ ಅವುಗಳ ವಾಸ. ಮನೆಯಲ್ಲಿ ಹಗಲಿರುಳು ಬೆಚ್ಚಗಿರುವ ಜಾಗ ಅದೊಂದೇ ಆದ್ದರಿಂದ ಅತ್ತೆಯ ಕುರ್ಚಿಯೂ ಮೆಲ್ಲಮೆಲ್ಲಗೆ ಅತ್ತ ಸರಿದಿತ್ತು.

ತೊಟ್ಟಿಯೊಳಗೆ ಅಡ್ಡ ಮಲಗಿಸಿದ್ದ ಹೂಕುಂಡದಲ್ಲಿ ಮೊಟ್ಟೆಗಳು ಒಡೆದದ್ದನ್ನು ಮೊದಲು ಕಂಡವರೂ ಅವರೇ. ಬಾಲವನ್ನಷ್ಟೇ ಅಲುಗಾಡಿಸಬಲ್ಲ, ಸಾಸಿವೆ ಗಾತ್ರದ ಜೀವಗಳ ಒಂದು ರಾಶಿ. ಮರುದಿನ ನಾನು ಬೀನ್ಸ್ ಹೆಚ್ಚುತ್ತಿದ್ದಾಗ ನಡುಮನೆಯಿಂದ ಅತ್ತೆಯ ಕರೆ ಬಂತು: "ಬಾರವ್ವಾ ಇಲ್ಲಿ, ತಾಯಿನೇ ಮರಿಗೋಳ್ನ ನುಂಗ್ತಾವ್ಳೆ." ಓಡಿಬಂದು ನೋಡಿದರೆ ಹೆಣ್ಣು ಮೀನು ಬಾಯ್ತುಂಬ ಮರಿಗಳನ್ನು ತುಂಬಿಕೊಂಡು ಹೋಗಿ, ಜಲ್ಲಿಯಲ್ಲಿ ತಾನೇ ತೋಡಿದ್ದ ಗುಂಡಿಗೆ ಮೆತ್ತಗೆ ಉಗುಳುತ್ತಿತ್ತು. ಮನೆ ಬದಲಾಯಿಸುತ್ತಿತ್ತು, ಅಷ್ಟೆ. ಗಂಡು ಸುತ್ತ ಕಾವಲು ತಿರುಗುತ್ತಿತ್ತು. ಅತ್ತೆ ಪೇಪರ್ ಓದುತ್ತಿದ್ದ ಮಗನನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿದರು. ನನ್ನವರು ಪೇಪರ್ ಮಡಚಿಟ್ಟು ಬೀನ್ಸ್ ಹೆಚ್ಚಲು ಕೂತರು.

ತೊಂದರೆ ಶುರುವಾದದ್ದು ಮರಿಗಳು ಈಜತೊಡಗಿದ ಮೇಲೆ. ಹುಟ್ಟುವಾಗ ಹೊಟ್ಟೆಗೆ ಅಂಟಿಸಿಕೊಂಡು ಬಂದ ಬುತ್ತಿ ಕರಗಿತ್ತು. ಇನ್ನು ನಾವು ಏನಾದರೂ ತಿನ್ನಿಸದಿದ್ದರೆ ಅವು ಉಳಿಯುವಂತಿರಲಿಲ್ಲ. ದೊಡ್ಡ ಮೀನುಗಳ ಕಾಳನ್ನು ಎಷ್ಟು ಅರೆದು ಹಾಕಿದರೂ ಮೂಸಿ ನೋಡಲಿಲ್ಲ. ಅಂಗಡಿಯವರನ್ನು ಫೋನಿನಲ್ಲಿ ಕೇಳಿದರೆ, ಕೋಳಿಮೊಟ್ಟೆ ಬೇಯಿಸಿ, ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ಹನಿಹನಿಯಾಗಿ ಬಿಡಿ ಎಂದರು. ಫೋನು ಸ್ಪೀಕರಿನಲ್ಲಿತ್ತು. ಅತ್ತೆಗೂ ಕೇಳಿಸಿತು.

ನಮ್ಮದು ಲಿಂಗ ಕಟ್ಟುವವರ ಮನೆ. ಮೊಟ್ಟೆ ಹೊಸಿಲು ದಾಟಿದ್ದೇ ಇಲ್ಲ. ಬಿಸ್ಕತ್ತು ತಂದರೂ ಅತ್ತೆ ಪೊಟ್ಟಣ ತಿರುಗಿಸಿ ತಿರುಗಿಸಿ ಹಸಿರು ಚುಕ್ಕೆ ಹುಡುಕುತ್ತಾರೆ. "ನಮ್ ಕೂಸುಗಳಿಗೆ ಏನ್ ಕೊಟ್ಟು ಸಾಕಿದ್ವೋ ಅದ್ನೇ ಕೊಡಾನ," ಎಂದು ತೀರ್ಮಾನಿಸಿದರು. ಅಂದರೆ ರಾಗಿ ಸರಿ. ಹಲ್ಲು ಬಾರದ ಕೂಸುಗಳೆಲ್ಲ ಅದರಲ್ಲೇ ಗುಂಡಗಾಗಿರುವಾಗ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ರಾಗಿ ನೆನೆಸಿ, ರುಬ್ಬಿ, ಹಳೆಯ ಪಂಚೆಯಲ್ಲಿ ಸೋಸಿ ಹಾಲು ತೆಗೆದು, ಗಂಟಾಗದಂತೆ ಕಾಯಿಸಿದೆವು. ಅತ್ತೆ ಒಂದು ಚೂರು ಬೆಲ್ಲ ಹಾಕಹೊರಟದ್ದನ್ನು ನಾನು ತಡೆದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ಮೇಜುಬಟ್ಟೆಗೆ ಒಂದು ತೊಟ್ಟೂ ಬೀಳದಂತೆ ಟೀ ಬಗ್ಗಿಸುವುದನ್ನು ಕಲಿಸಿದ್ದರು; ಆ ವಿದ್ಯೆಯನ್ನೆಲ್ಲ ಖರ್ಚು ಮಾಡಿ, ಕಿವಿಗೆ ಔಷಧಿ ಬಿಡುವ ಡ್ರಾಪರಿನಿಂದ ಸರಿಯನ್ನು ಮರಿಗಳ ನಡುವೆ ಹನಿಸಿದೆ.

ಬೆಳಗ್ಗೆ ತೊಟ್ಟಿಯ ನೀರು ಕಾಫಿಯ ಬಣ್ಣಕ್ಕೆ ತಿರುಗಿತ್ತು. ತಂದೆ ತಾಯಿ ಎರಡೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅರ್ಧ ನೀರು ತೆಗೆದು, ಕೂಸಿನ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿ ಹದ ನೋಡಿ, ಬೆಚ್ಚನೆಯ ನೀರು ತುಂಬಿದೆ. ತಿಳಿಯಾದಾಗ ಮರಿಗಳ ಹಿಂಡು ಸಣ್ಣದಾಗಿತ್ತು. ಉಳಿದವೂ ಬರೀ ತಲೆ, ಬರೀ ಕಣ್ಣು, ಹೊಟ್ಟೆ ಬೆನ್ನಿಗಂಟಿತ್ತು. ಅತ್ತೆ ತಾವು ಓದುವ ಭೂತಗನ್ನಡಿಯನ್ನು ಗಾಜಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಿಂಡಿ ಬೇಡವೆಂದರು.

ಆಮೇಲೆ ಎದ್ದು ಕಿಟಕಿ ತೆರೆದು, ಪಕ್ಕದ ಮನೆಯ, ಈ ಬೆಟ್ಟದವರೇ ಆದ ಬಡಗರ ಹೆಂಗಸನ್ನು ಕರೆದರು. ಆಕೆ ಸೋಲೂರಿನ ತಮ್ಮ ಟೀ ತೋಟಕ್ಕೆ ಎಲೆ ಕೀಳಲು ಬಸ್ಸಿಗೆ ಹೊರಟಿದ್ದಳು. ಒಂದು ಕೋಳಿಮೊಟ್ಟೆ ಬೇಯಿಸಿಕೊಡುತ್ತೀಯಾ ಎಂದು ಅತ್ತೆ ಕೇಳಿದ್ದಕ್ಕೆ, ಆಕೆ ತಲೆಗೆ ಕಟ್ಟಿದ ಬಟ್ಟೆಯನ್ನು ಕಿವಿಯಿಂದ ಮೇಲೆ ಸರಿಸಿಕೊಂಡಳು.

"ಯಾರಿಗಮ್ಮಾ, ನಿಮಗಾ?"

"ಮೀನಿಗೆ ಕಣೇ."

"ಮೀನು ನಿಮ್ಮನೇಲಿ ತಾನೇ ಇರೋದು?"

"ಅದು ನೀರಲ್ಲಿರೋದು. ಮನೇಲಿರೋರು ನಾವು."

ಈ ಉತ್ತರ ಕೇಳಿದ ಮೇಲೆ ಆಕೆಗೆ ಬಸ್ಸು ಹತ್ತುವ ಮನಸ್ಸಾಗಲಿಲ್ಲ. ನಗುತ್ತಲೇ ಒಳಗೆ ಹೋಗಿ ಒಲೆ ಹಚ್ಚಿದಳು. ಅತ್ತೆಯ ಷರತ್ತು ಖಡಾಖಂಡಿತವಾಗಿತ್ತು: ಹಳದಿಯನ್ನು ಅವಳ ಮನೆಯಲ್ಲೇ ಕದಡಬೇಕು, ಲೋಟ ಒಳಗೆ ಬರಕೂಡದು, ಅಂಗಳದಲ್ಲಿ ನಿಂತೇ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಅವಳೇ ಹನಿಸಬೇಕು. ಡ್ರಾಪರನ್ನು ನಾನು ಅವಳಿಗೇ ಕೊಟ್ಟುಬಿಟ್ಟೆ. ನನ್ನ ಪಾಲಿಗೆ ತೊಟ್ಟಿಯ ಮುಚ್ಚಳ ಎತ್ತಿ ಹಿಡಿಯುವ ಕೆಲಸ. ಅತ್ತೆ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ ಕೂತರು.

ಮೊದಲ ಹನಿ ನೀರಿನಲ್ಲಿ ಹೊಗೆಯ ಹಾಗೆ ಹರಡಿತು. ಒಂದು ಮರಿ ಬಂತು, ಅದರ ಹಿಂದೆ ನಾಲ್ಕಾರು, ಆಮೇಲೆ ಹಿಂಡೇ ಬಂತು. ತುಸು ಹೊತ್ತಿಗೆ ಗಾಜಿನಂಥ ಹೊಟ್ಟೆಗಳಲ್ಲಿ ಒಂದೊಂದು ಹಳದಿ ಚುಕ್ಕೆ ಮೂಡಿತು.

"ತಿಂದ್ವಾ?" ಗೋಡೆಯನ್ನೇ ನೋಡುತ್ತ ಅತ್ತೆ ಕೇಳಿದರು.

ತಿನ್ನುತ್ತಿವೆ, ನೀವೇ ಬಂದು ನೋಡಿ ಎಂದೆ.

"ನೀನ್ ನೋಡಿದ್ರೆ ಸಾಕು. ಮೂಲೇಲಿ ಒಂದು ಬಡಕಲು ಇತ್ತಲ್ಲವ್ವಾ, ಈಜಕ್ಕೂ ಆಗ್ದೆ. ಅದು?"

ಅದು ಹೂಕುಂಡದ ಹಿಂದೆ ತಳಕ್ಕೆ ಅಂಟಿಕೊಂಡಿತ್ತು. ಇನ್ನೂ ಬಂದಿಲ್ಲ ಎಂದೆ.

ಕುರ್ಚಿ ಕಿರುಗುಟ್ಟಿತು. ಅತ್ತೆ ಎದ್ದು ಬಂದು, ಕಿಟಕಿಯಿಂದ ಚಾಚಿದ್ದ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಡ್ರಾಪರಿನ ಸಮೇತ ಹೂಕುಂಡದ ಹಿಂದಕ್ಕೆ ನಡೆಸಿದರು.

"ಇಲ್ಲಿ ಬುಡು," ಎಂದರು.